ಮನಿದೇವರು ಕೇಳಿದವರು

ಕುಷ್ಟಗಿ ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ 'ಶರಣಬಸಪ್ಪ ಅಂಡ್ ಸನ್ಸ್' ಎಂಬ ಸೀರೆ ಅಂಗಡಿ ಇದೆ. ಸನ್ಸ್ ಅನ್ನುವವರು ಯಾರೂ ಇಲ್ಲ. ಬೋರ್ಡು ಬರೆಸುವಾಗ ಹುಟ್ಟುತ್ತಾರೆ ಎಂಬ ಭರವಸೆ ಇತ್ತು, ಹುಟ್ಟಿದ್ದು ಒಬ್ಬಳೇ ಮಗಳು, ಅವಳೂ ಹುಬ್ಬಳ್ಳಿಗೆ ಮದುವೆಯಾಗಿ ಹೋದಳು. ಬೋರ್ಡು ಮಾತ್ರ ಹಾಗೇ ಉಳಿಯಿತು. ಇರಲಿ, ನಮಗೆ ಬೇಕಾದವಳು ಆ ಬೋರ್ಡಿನಲ್ಲಿ ಇಲ್ಲದ ಸುನಿತಾ.

ಸುನಿತಾ ನಲವತ್ತು ದಾಟಿದ ಹೆಂಗಸು. ಅಂಗಡಿಯಲ್ಲಿ ಗಿರಾಕಿಗಳು ಕೆದರಿ ಹೋದ ಸೀರೆಗಳನ್ನು ಮತ್ತೆ ಮಡಚಿಡುವುದು ಅವಳ ಕೆಲಸ. ಗಿರಾಕಿಗಳ ಜೊತೆ ಮಾತಾಡುವುದು ಹೊಳಿಯಪ್ಪನ ಪಾಲಿನದು. ಆತ ಹಳೆಯ ಸೇಲ್ಸ್‌ಮನ್, ಬಾಯಿ ಅಂದರೆ ಬಾಯಿ. ಸೀರೆಯ ಸೆರಗು ಬಿಚ್ಚುವುದರೊಳಗೆ ಬಂದವರ ಮೂರು ತಲೆಮಾರಿನ ಸುದ್ದಿ ಹೊರಗೆ ತೆಗೆಯುವವನು. ಆತ ಮಾತಾಡುವಾಗ ಪಕ್ಕದಲ್ಲಿ ಸುನಿತಾ ಕೂತಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಷ್ಟೋ ಜನ ಅವಳ ಕೈಗೆ ಚಪ್ಪಲಿಯ ಚೀಲ ಕೊಟ್ಟು, 'ಹಿಡ್ಕೊ' ಎಂದು ಹೇಳದೆಯೇ ಮುಂದೆ ಹೋಗಿದ್ದುಂಟು.

ಆದರೆ ಫೋನಿನಲ್ಲಿ ಅವಳೇ ಅಂಗಡಿ. ಊರಲ್ಲೆಲ್ಲ ಅಂಗಡಿಗಳು ಇಂಟರ್ನೆಟ್ಟಿನಲ್ಲಿ ಪೇಜು ಮಾಡಿಕೊಂಡಾಗ ಶರಣಬಸಪ್ಪನವರೂ ಒಂದು ಮಾಡಿಸಿದರು. ಹೊಳಿಯಪ್ಪನಿಗೆ ಟೈಪು ಬರುವುದಿಲ್ಲ, ಸಾಹುಕಾರರಿಗೆ ಕನ್ನಡಕ ಹುಡುಕುವುದೇ ಒಂದು ಕೆಲಸ. ಹೀಗಾಗಿ ಪೇಜು ಸುನಿತಾಳ ಪಾಲಿಗೆ ಬಂತು. ಇಳಕಲ್ ಸೀರೆಯ ದಡಿ ಕಾಣುವಂತೆ ಫೋಟೋ ತೆಗೆದು ಹಾಕುತ್ತಿದ್ದಳು, ಖಣದ ಬಣ್ಣ ಕೇಳಿದವರಿಗೆ ಬಿಸಿಲಿಗೆ ಹಿಡಿದು ಇನ್ನೊಂದು ಫೋಟೋ ಕಳಿಸುತ್ತಿದ್ದಳು. 'ನಮ್ಮಲ್ಲಿ ಹೊಸ ಮಾಲು ಬಂದೈತ್ರಿ' ಎಂದು ಬರೆಯುವಾಗ ಆ 'ನಮ್ಮಲ್ಲಿ' ಎಂಬ ಮಾತು ಅವಳಿಗೆ ಹಿತವಾಗಿ ಕೇಳುತ್ತಿತ್ತು. ನಮ್ಮ ಅನ್ನುವಂಥದ್ದು ಅವಳಿಗೆ ಬೇರೆ ಏನೂ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಕಡೆ ಇಬ್ಬರು ಗುರುತಿಲ್ಲದವರು ಬಸ್ಸಿನಲ್ಲಿ ಪಕ್ಕಪಕ್ಕ ಕೂತರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಮನಿದೇವರು ಕೇಳುತ್ತಾರೆ. ಹೆಸರು ಕೇಳದೆಯೇ ಇಳಿದು ಹೋದರೂ ಹೋದರು. ಇಬ್ಬರ ಮನಿದೇವರೂ ಒಂದೇ ಆಗಿಬಿಟ್ಟರೆ ಮುಗಿಯಿತು, ಅಲ್ಲೇ ಅಕ್ಕ-ತಂಗಿ, ಅಣ್ಣ-ತಮ್ಮ. ಬುತ್ತಿ ಬಿಚ್ಚಿ ರೊಟ್ಟಿ ಹಂಚಿಕೊಳ್ಳುತ್ತಾರೆ. ಸುನಿತಾ ಗಂಗಾವತಿ ಕಡೆಯ ಸಿದ್ದಾಪುರದವಳು, ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ಮನೆ, ಮನಿದೇವರು ಹೇಮಗುಡ್ಡದ ದುರ್ಗಮ್ಮ. ಮದುವೆಯಾದ ದಿನ ಅದು ಬದಲಾಯಿತು. ಹೆಣ್ಣಿಗೆ ಗಂಡನ ಮನೆಯ ದೇವರೇ ದೇವರು, ಅವರದು ಗಜೇಂದ್ರಗಡದ ಕಾಲಕಾಲೇಶ್ವರ. ಗಂಡ ಜಡ್ಡು ಬಿದ್ದು ತೀರಿಕೊಂಡ. ಆಮೇಲೆ ಅತ್ತೆಯ ಮನೆಯವರು ದೇವರ ಕಾರ್ಯಕ್ಕೆ ಅವಳನ್ನು ಕರೆಯುವುದು ಬಿಟ್ಟರು. ತವರಿನಲ್ಲಿ ಅಣ್ಣ ಸಿದ್ದಲಿಂಗೇಶ ಕೆಟ್ಟವನೇನಲ್ಲ, ಆದರೆ ಹೇಮಗುಡ್ಡಕ್ಕೆ ಮನೆಮಂದಿಯೆಲ್ಲ ಹೊರಟಾಗ, 'ನಿಮ್ಮ ದೇವರು ಬ್ಯಾರೆ ಅಲ್ಲೇನವ್ವ' ಎಂದಿದ್ದ. ಅವನು ಅಂದದ್ದು ಪದ್ಧತಿಯ ಮಾತು, ಚುಚ್ಚಬೇಕು ಅಂತಲ್ಲ. ಚುಚ್ಚಿದ್ದು ಮಾತ್ರ ನಿಜ. ಅವಳು ಕುಷ್ಟಗಿಯಲ್ಲಿ ಒಂದು ಖೋಲಿ ಹಿಡಿದು ಅಂಗಡಿಗೆ ಸೇರಿದಳು. ಅಲ್ಲಿಂದ ಮುಂದೆ ಅವಳ ಮನಿದೇವರು ಯಾವುದು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳಬೇಕಿತ್ತೋ ಅವಳಿಗೇ ಗೊತ್ತಿರಲಿಲ್ಲ.

ಪೇಜಿಗೆ ಪಾಸ್‌ವರ್ಡು ಇಡುವ ದಿನ ಶರಣಬಸಪ್ಪನವರು ಭಾರೀ ಜಾಣತನ ಮಾಡಿದರು. ಮರೆಯದಂಥದ್ದು ಏನಾದರೂ ಇಡಬೇಕು, ಮನಿದೇವರಿಗಿಂತ ಮರೆಯದ್ದು ಯಾವುದಿದೆ ಎಂದರು. ಆದರೆ ತಮ್ಮ ಮನಿದೇವರು ಇಡೀ ಪೇಟೆಗೆ ಗೊತ್ತು, ಗಲ್ಲಾದ ಮೇಲೆ ದೊಡ್ಡ ಫೋಟೋ ಇದೆ. 'ನಿಂದ ಹಾಕು ಸುನಿತವ್ವಾ, ನಿಂದು ಯಾರಿಗೆ ಗೊತ್ತೈತಿ' ಎಂದರು. ಸುನಿತಾ ಒಂದು ಗಳಿಗೆ ಕೈ ತಡೆದಳು. ಆಮೇಲೆ ಹೇಮಗುಡ್ಡ ದುರ್ಗಮ್ಮ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು, ಮುಂದೆ ಒಂದು ಎರಡು ಮೂರು ಸೇರಿಸಿದಳು. ಕದ್ದು ಇಟ್ಟುಕೊಂಡ ಹಾಗೆ ಅನ್ನಿಸಿತು, ಸಂತೋಷವೂ ಆಯಿತು.

ಶೆಟರು ಎಳೆದ ಹಾಗೆ ಪೇಜನ್ನೂ ದಿನಾ ಸಂಜೆ ಮುಚ್ಚಬೇಕು, ಬೆಳಿಗ್ಗೆ ತೆರೆಯಬೇಕು ಎಂಬುದು ಸಾಹುಕಾರರ ಕಟ್ಟುನಿಟ್ಟು. ಹೀಗಾಗಿ ಪ್ರತಿ ಬೆಳಿಗ್ಗೆ ಸುನಿತಾ ಕಸ ಹೊಡೆದು, ನೀರು ಚಿಮುಕಿಸಿ, ಕೂತು ಆ ಹೆಸರನ್ನು ಹೊಡೆಯುತ್ತಿದ್ದಳು. ಊದುಬತ್ತಿ ಹಚ್ಚುತ್ತಿರಲಿಲ್ಲ ಅನ್ನುವುದೊಂದು ಬಿಟ್ಟರೆ ಅದು ಪೂಜೆಯೇ. ಪೇಜು ತೆರೆಯುವಾಗ ಇನ್ನೊಂದು ಫೋನಿಗೆ ನಂಬರು ಬರುವ ಏರ್ಪಾಟೂ ಇತ್ತು. ಆ ನಂಬರು ಶರಣಬಸಪ್ಪನವರ ಫೋನಿಗೆ ಬರುತ್ತಿತ್ತು. ಮಧ್ಯಾಹ್ನ ಪೇಜು ಒಮ್ಮೆ ತಾನೇ ಮುಚ್ಚಿಕೊಂಡು, ಮತ್ತೆ ತೆರೆಯಹೋದಾಗ ಅವರ ನಿದ್ದೆ ಕೆಟ್ಟಿತು. ಅವತ್ತೇ ಅದನ್ನು ತೆಗೆಸಿಹಾಕಿದರು. ಮುಂದೆ ಪೊಲೀಸರೆದುರು ಈ ನಿದ್ದೆಯ ವಿಷಯ ಅವರು ಎತ್ತಲಿಲ್ಲ, ಸುನಿತಾಳೂ ಎತ್ತಲಿಲ್ಲ.

ಪೇಜಿಗೆ ಬರುವವರಲ್ಲಿ ಹೆಚ್ಚಿನವರು ರೇಟು ಕೇಳಿ ಮಾಯವಾಗುವವರು. ಅಮರಮ್ಮ ಒಬ್ಬಳು ಬೇರೆ. ಯಲಬುರ್ಗಾದ ಆಚೆ ಒಂದು ಹಳ್ಳಿಯವಳು, ಕುರಿ ಸಾಕಿದ ಮನೆ, ಓದು ಬರಹ ಇಲ್ಲ. ಮೊಮ್ಮಗಳು ಫೋನು ತೋರಿಸಿಕೊಟ್ಟ ಮೇಲೆ ಧ್ವನಿ ಕಳಿಸುವುದನ್ನು ಕಲಿತಿದ್ದಳು. ವರ್ಷಕ್ಕೊಂದು ಸೀರೆ ಕೊಂಡರೆ ಹೆಚ್ಚು, ಧ್ವನಿ ಮಾತ್ರ ದಿನ ಬಿಟ್ಟು ದಿನ ಬರುತ್ತಿತ್ತು. 'ಅಂಗಡಿಯವ್ವಾ, ಉಂಡೇನು?' ಎಂದು ಶುರು. ಹಿಂದಿನಿಂದ ಮರಿಗಳು ಅರಚುವುದು ಕೇಳುತ್ತಿತ್ತು. ಸುನಿತಾ ಗೋದಾಮಿನ ಬಾಗಿಲು ಮರೆಮಾಡಿಕೊಂಡು, 'ಉಂಡೇನ್ರಿ ಅಮ್ಮಾರ, ನಿಮ್ದಾತೇನ್ರಿ?' ಎಂದು ತಾನೂ ಧ್ವನಿಯಲ್ಲೇ ಹೇಳಿ ಕಳಿಸುತ್ತಿದ್ದಳು. ಓದಲು ಬಾರದವಳಿಗೆ ಅಕ್ಷರ ಕಳಿಸಿ ಏನು ಮಾಡುವುದು? ನಿಜ ಹೇಳಬೇಕೆಂದರೆ ಕೆಲವು ದಿನ ಅವಳ ಗಂಟಲಿನಿಂದ ಹೊರಟ ಮಾತು ಅದೊಂದೇ ಆಗಿರುತ್ತಿತ್ತು.

ಹೀಗಿರುವಾಗ ಸುರೇಖಾ ಎಂಬ ಹೆಸರಿನವಳು ಪೇಜಿಗೆ ಬಂದಳು. ಗಂಗಾವತಿ ಕಡೆಯವಳಂತೆ, ಗಂಡನ ನೌಕರಿಗಾಗಿ ಪುಣೆಯಲ್ಲಿದ್ದಾಳಂತೆ, ನಾದಿನಿಯ ಮದುವೆಗೆ ಒಂದು ರಾಶಿ ಸೀರೆ ಬೇಕಂತೆ. ರೇಟಿಗೆ ಚೌಕಾಸಿ ಮಾಡಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು, ಗಂಗಾವತಿ ಕಡೆಯ ಯಾವ ಹೆಣ್ಣುಮಗಳು ಚೌಕಾಸಿ ಮಾಡದೆ ಸೀರೆ ಕೊಂಡಿದ್ದಾಳೆ? ಆದರೆ ಅವಳು ಸೀರೆಗಿಂತ ಹೆಚ್ಚಾಗಿ ಸುನಿತಾಳನ್ನು ಕೇಳಿದಳು. ಬರೆಯುವವರು ಯಾರು, ಅಕ್ಕಾರ ಅನ್ನಲೋ ತಂಗಿ ಅನ್ನಲೋ, ಈ ಬಿಸಿಲಲ್ಲಿ ಅಂಗಡಿಯಲ್ಲಿ ಫ್ಯಾನಾದರೂ ಇದೆಯೋ ಇಲ್ಲವೋ. ಸುನಿತಾ ಮೊದಲು 'ನಾವು' ಎಂದು ಬರೆಯುತ್ತಿದ್ದವಳು ಮೆಲ್ಲಗೆ 'ನಾನು' ಎಂದು ಬರೆಯತೊಡಗಿದಳು. ಗಂಡ ತೀರಿದ್ದು ಹೇಳಿದಳು. ತಿಂಗಳ ಹೊಟ್ಟೆನೋವಿನ ವಿಷಯ ಹೇಳಿದಳು. ಸುರೇಖಾ ಜೀರಿಗೆ ಕಷಾಯ ಹೇಳಿಕೊಟ್ಟಳು, ಮರುದಿನ ಕಡಿಮೆಯಾಯಿತೇ ಎಂದೂ ಕೇಳಿದಳು. ಹಾಗೆ ಕೇಳುವವರು ಸಿಕ್ಕರೆ ಯಾರು ತಾನೇ ಬಿಗಿಯಾಗಿ ಕೂತಿರುತ್ತಾರೆ!

ಒಂದು ದಿನ ಸುರೇಖಾ ಬರೆದಳು: 'ಅಕ್ಕಾರ, ಕೇಳಬೇಕಂತ ಭಾಳ ದಿನದಿಂದ ಅಂದ್ಕೊಂಡಿದ್ದೆ. ನಿಮ್ಮ ಮನಿದೇವರು ಯಾವುದ್ರಿ?'

ಸುನಿತಾ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಕಣ್ಣಲ್ಲಿ ನೀರು ಬಂತು. ಗಂಡನ ಮನೆಯದೋ, ತವರಿನದೋ ಎಂದು ಕೇಳಿರಲಿಲ್ಲ, ನಿಮ್ಮ ಎಂದಿತ್ತು. ಅವಳು ಹೇಮಗುಡ್ಡದ ದುರ್ಗಮ್ಮ ಎಂದು ಬರೆದಳು. ಉತ್ತರ ಕೂಡಲೇ ಬಂತು: 'ಅಯ್ಯ, ನಮ್ದೂ ಅದರಿ! ಹಂಗಾರ ನಾವು ಅಕ್ಕತಂಗೇರು.'

ಆ ಸಂಜೆ ಸುನಿತಾ ತನ್ನೊಬ್ಬಳಿಗೇ ಸಿಹಿ ಸಜ್ಜಕ ಮಾಡಿಕೊಂಡು ತಿಂದಳು. ಮದುವೆ ಸೀರೆಗೆ ಸುರೇಖಾ ಬಂದಾಗ ಏನು ಉಡುಗೊರೆ, ಆಯಾರ ಮಾಡಬೇಕು ಎಂದು ಲೆಕ್ಕ ಹಾಕಿದಳು.

ಮರುದಿನ ಬೆಳಿಗ್ಗೆ ಕಸ ಹೊಡೆದು ಕೂತು ದೇವರ ಹೆಸರು ಹೊಡೆದರೆ ಪೇಜು ತೆರೆಯಲಿಲ್ಲ. ತಪ್ಪಿರಬೇಕೆಂದು ಒಂದೊಂದೇ ಅಕ್ಷರ ಒತ್ತಿದಳು. ಆಗಲಿಲ್ಲ. ಅಷ್ಟರಲ್ಲಿ ಹೊಳಿಯಪ್ಪನ ಫೋನಿಗೆ ಯಾರೋ ಕರೆ ಮಾಡಿ, ಅರ್ಧ ರೇಟಿಗೆ ಇಳಕಲ್ ಸೀರೆ ಕೊಡುತ್ತೀರಂತೆ, ಮುಂಗಡ ಕಳಿಸಿದ್ದೇವೆ, ಯಾವಾಗ ಮುಟ್ಟಿಸುತ್ತೀರಿ ಎಂದು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಜನ ಸೇರಿ ಬಾಯಿ ಮಾಡತೊಡಗಿದರು. ಶರಣಬಸಪ್ಪನವರಿಗೆ ಅವತ್ತು ನಿದ್ದೆ ಆಗಲಿಲ್ಲ.

ಕೊಪ್ಪಳದ ಸೈಬರ್ ಠಾಣೆಗೆ ಸಾಹುಕಾರರು ಸುನಿತಾಳನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಅಲ್ಲಿ ಅಸ್ಲಮ ಎಂಬ ಪೊಲೀಸಿನವನು ಬರೆದುಕೊಂಡ. ಯಾರಿಗಾದರೂ ಪಾಸ್‌ವರ್ಡು ಹೇಳಿದ್ದಿರೇನು ಎಂದು ಕೇಳಿದ. ಇಲ್ಲ ಎಂದಳು. ಏನಿಟ್ಟಿದ್ದಿರಿ ಎಂದ. ಹೇಳಿದಳು. ಅಸ್ಲಮ ಪೆನ್ನು ಕೆಳಗಿಟ್ಟು ಸಾಹುಕಾರರ ಕಡೆ ನೋಡಿದ. ಸಿಟ್ಟೇನೂ ಇರಲಿಲ್ಲ, ಬೇಸತ್ತವನ ಹಾಗಿದ್ದ.

'ನಮ್ಮ ಜಿಲ್ಲಾದಾಗ ಅರ್ಧ ಅಂಗಡಿ ಪಾಸ್‌ವರ್ಡು ಮನಿದೇವರ ಅದಾವರಿ. ಮುಂದ ಒಂದು ಎರಡು ಮೂರು. ಕಳ್ಳರಿಗೆ ಇದು ಗೊತ್ತಾಗೇತಿ. ಬೀಗದ ನಂಬರು ಕೇಳಿದ್ರ ನೀವು ಹೇಳಂಗಿಲ್ಲ, ಮನಿದೇವರು ಕೇಳಿದ್ರ ಕುಂದ್ರಿಸಿ ಚಾ ಕೊಟ್ಟು ಹೇಳ್ತೀರಿ.'

ಪೇಜು ತೆರೆಯಲು ಬೇಕಾದ ಫೋನ್ ನಂಬರು ಅಂಗಡಿಯದೇ, ಅದನ್ನು ಪೇಜಿನ ಮೇಲೆ ದೊಡ್ಡದಾಗಿ ಹಾಕಿದ್ದರು. ಉಳಿದದ್ದು ದೇವರ ಹೆಸರೊಂದೇ, ಅದನ್ನು ಸುನಿತಾ ಕೊಟ್ಟಿದ್ದಳು. ಅವಳು ತಲೆ ತಗ್ಗಿಸಿ, ಆ ಸುರೇಖಾ ಎಂಬ ಹೆಣ್ಣುಮಗಳು ಯಾರು ಎಂದು ಕೇಳಿದಳು. ಹೆಣ್ಣುಮಗಳೇ ಅಂತ ಏನು ಗ್ಯಾರಂಟಿ, ಒಂದು ಖೋಲಿಯಲ್ಲಿ ನಾಲ್ಕು ಗಂಡಸರು ಕೂತು ಪಾಳಿ ಮೇಲೆ ಬರೆಯುತ್ತಾರೆ ಎಂದ ಅಸ್ಲಮ. ಸುನಿತಾಳಿಗೆ ಹೊಟ್ಟೆನೋವಿನ ವಿಷಯ ನೆನಪಾಯಿತು. ನಾಚಿಕೆಯಿಂದ ಮೈ ಸುಟ್ಟಿತು. ಪೇಜು ಹೋದದ್ದಕ್ಕಿಂತ ಹೆಚ್ಚಾಗಿ, ತನಗೊಬ್ಬ ತಂಗಿ ಇಲ್ಲವೇ ಇಲ್ಲ ಎಂಬುದು ಅವಳನ್ನು ಕೊರೆಯಿತು. ಇದ್ದವಳನ್ನು ಕಳೆದುಕೊಂಡವರು ಅಳಬಹುದು, ಇರದೇ ಇದ್ದವಳಿಗಾಗಿ ಯಾರ ಮುಂದೆ ಅಳುವುದು?

ಹೊರಡುವಾಗ ಅಸ್ಲಮ ಬುದ್ಧಿ ಹೇಳಿದ. ತಾಯಿಯ ಹೆಸರು, ಹುಟ್ಟಿದ ಊರು, ಓದಿದ ಸಾಲಿ, ಮನಿದೇವರು, ಯಾರು ಎಷ್ಟೇ ಪ್ರೀತಿಯಿಂದ ಕೇಳಿದರೂ ಬಾಯಿ ಬಿಡಬಾರದು. ವಾಪಸು ಬರುವ ದಾರಿಯುದ್ದಕ್ಕೂ ಶರಣಬಸಪ್ಪನವರು ಅದನ್ನೇ ತಿರುತಿರುಗಿ ಹೇಳಿದರು. ಇಷ್ಟು ವರ್ಷ ಗಳಿಸಿದ ಹೆಸರು ಒಂದು ದಿನದಲ್ಲಿ ಬೀದಿಗೆ ಬಿತ್ತು ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಪೇಜು ವಾಪಸು ಬಂತು. ಸಾಹುಕಾರರ ಹುಬ್ಬಳ್ಳಿಯ ಮಗಳು ಕಾಗದಪತ್ರ ಕಳಿಸಿ, ಹಿಂದೆ ಬಿದ್ದು ಬಿಡಿಸಿಕೊಂಡಳು. ಪಾಸ್‌ವರ್ಡು ಯಾರ ಬಾಯಿಗೂ ಬಾರದ ಹಾಗೆ ಅಕ್ಷರ ಅಂಕಿ ಕಲಸಿ ಇಟ್ಟಳು, ನಂಬರು ತನ್ನ ಫೋನಿಗೇ ಬರುವಂತೆ ಮಾಡಿಕೊಂಡಳು. ಯಾರೇ ಏನೇ ಕೇಳಿದರೂ, 'ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು' ಎಂದು ತಾನಾಗಿಯೇ ಉತ್ತರ ಹೋಗುವಂತೆ ಮಾಡಿದಳು. ತಪ್ಪೇನಿಲ್ಲ, ಅಂಗಡಿ ಉಳಿಯಬೇಕಲ್ಲ. ಸುನಿತಾಳ ಕೈಯಿಂದ ಫೋನು ಹೋಯಿತು. ಅವಳು ಸೀರೆ ಮಡಚಿದಳು. ಬೆಳಿಗ್ಗೆ ಕಸ ಹೊಡೆದಾದ ಮೇಲೆ ಕೈಗಳು ಸುಮ್ಮನೆ ತೊಡೆಯ ಮೇಲೆ ಕೂತಿರುತ್ತಿದ್ದವು. ಅಮರಮ್ಮನ ಗಬ್ಬದ ಕುರಿ ಈದಿರಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಕೇಳುವ ದಾರಿ ಇರಲಿಲ್ಲ.

ಶ್ರಾವಣ ಹತ್ತಿರ ಬಂದಾಗ ಒಂದು ಮಧ್ಯಾಹ್ನ, ಸಾಹುಕಾರರು ಗಾದಿಯ ಮೇಲೆ ಒರಗಿದ್ದರು, ಹೊಳಿಯಪ್ಪ ಊಟಕ್ಕೆ ಹೋಗಿದ್ದ. ಕಂದಿದ ಹಸಿರು ಸೀರೆಯ ಮುದುಕಿಯೊಬ್ಬಳು ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ನಿಂತಳು. ಸುನಿತಾ ರೂಢಿಯಂತೆ, 'ಬರ್ರಿ ಅಮ್ಮಾರ, ಕುಂದರ್ರಿ' ಎಂದಳು.

ಮುದುಕಿ ಕೂರಲಿಲ್ಲ. ಆ ಧ್ವನಿ ಕೇಳಿ ಅವಳ ಮುಖವನ್ನೇ ನೋಡಿದಳು.

'ನೀನ ಹೌದಲ್ಲ,' ಎಂದಳು. 'ಉಂಡೇನವ್ವಾ?'

ಸುನಿತಾಳ ಕೈಯಲ್ಲಿದ್ದ ಸೀರೆ ಜಾರಿತು. ಅಮರಮ್ಮ ಮೆಲ್ಲಗೆ ಕೂತು ಹೇಳಿದಳು. ನಡುವೆ ಅಂಗಡಿಯಿಂದ ಬರೇ ಅಕ್ಷರ ಬರಹತ್ತಿದವಂತೆ. ಮೊಮ್ಮಗಳು ಓದಿ, ಅರ್ಧ ದುಡ್ಡು ಕಳಿಸು ಅಂತಾರ ಎಂದಳಂತೆ. ಇದು ಆಕಿ ಅಲ್ಲ, ಆಕಿಗೆ ನನಗ ಓದಾಕ ಬರಂಗಿಲ್ಲ ಅಂತ ಗೊತ್ತೈತಿ ಎಂದು ಅಮರಮ್ಮ ಒಂದು ರೂಪಾಯಿ ಕಳಿಸಲಿಲ್ಲವಂತೆ. ಆಮೇಲೆ ಎಷ್ಟು ಸಲ ಧ್ವನಿ ಕಳಿಸಿದರೂ ಅದೇನೋ ಧನ್ಯವಾದ ಒಂದೇ ಬರುತ್ತಿತ್ತಂತೆ. ಆಕಿಗೇನರ ಆತೋ ಏನೋ, ಜಡ್ಡಿಗೆ ಬಿದ್ಲೋ ಏನೋ ಎಂದು ಮನಸ್ಸು ತಡೆಯದೆ ಯಲಬುರ್ಗಾಕ್ಕೆ ಬಂದು ಬಸ್ಸು ಹತ್ತಿದೆ ಎಂದಳು. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಕಂಡಕ್ಟರನಿಗೆ 'ಸೀರಿ ಅಂಗಡಿಯವ್ವ' ಎಂದಷ್ಟೇ ಹೇಳಿ ಬಂದಿದ್ದಳು. ಸೆರಗಿನ ಗಂಟಿನಿಂದ ಜೋಳದ ಅಳ್ಳಿನ ಉಂಡಿ ತೆಗೆದು ಸುನಿತಾಳ ಅಂಗೈಯಲ್ಲಿಟ್ಟಳು. ಕುರಿ ಈದಿತ್ತು, ಎರಡು ಮರಿ.

ತನ್ನನ್ನು ಹುಡುಕಿಕೊಂಡು ಒಬ್ಬರು ಬಸ್ಸು ಹತ್ತಿ ಬಂದದ್ದು ಸುನಿತಾಳ ಬದುಕಿನಲ್ಲಿ ಅದೇ ಮೊದಲು.

ಅಮರಮ್ಮ ಅವಳ ಗದ್ದ ಹಿಡಿದು ಎತ್ತಿದಳು. 'ಫೋನಿನ್ಯಾಗ ಕೇಳಬಾರದಂತ ಬಿಟ್ಟಿದ್ದೆ, ಇದು ಮಾರಿ ನೋಡಿ ಕೇಳೋ ಮಾತು. ನಿಮ್ಮ ಮನಿದೇವರು ಯಾವುದವ್ವಾ?'

ಸುನಿತಾಳ ಬಾಯಿ ತೆರೆಯಿತು. ಹೇಮಗುಡ್ಡ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಸ್ಲಮನ ಪೆನ್ನು, ಅಂಗಡಿಯ ಮುಂದೆ ಬಾಯಿ ಮಾಡಿದ ಜನ, ಕಾರಿನಲ್ಲಿ ಸಾಹುಕಾರರು ತಿರುತಿರುಗಿ ಹೇಳಿದ್ದು, ಎಲ್ಲ ಒಟ್ಟಿಗೆ ನೆನಪಾದವು. ಈ ಮುದುಕಿ ಕಳ್ಳಿಯಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪಾಸ್‌ವರ್ಡು ಬದಲಾಗಿದೆ ಎಂದೂ ಗೊತ್ತಿತ್ತು. ಆದರೂ ಆಗಲಿಲ್ಲ.

'ನೆನಪಿಲ್ರಿ ಅಮ್ಮಾರ,' ಎಂದಳು.

ಅಮರಮ್ಮನ ಕೈ ಗದ್ದದಿಂದ ಇಳಿಯಿತು. ಉಂಡದ್ದು ಮರೆಯಬಹುದು, ವಯಸ್ಸು ಮರೆಯಬಹುದು, ಮನಿದೇವರು ಮರೆತವರನ್ನು ಅವಳು ಕಂಡಿರಲಿಲ್ಲ. ಆಮೇಲೆ ಅವಳ ತಲೆ ಸವರಿ, 'ಮನಿದೇವರು ನೆನಪು ಮಾಡಿಕೊಡಾಕೂ ಯಾರೂ ಇಲ್ಲೇನವ್ವಾ ನಿನಗ,' ಎಂದಳು. ಬಸ್ಸಿಗೆ ಹೊತ್ತಾಯಿತೆಂದು ಏಳುತ್ತ, 'ನಮ್ದು ಹೇಮಗುಡ್ಡದ ದುರ್ಗಮ್ಮ. ಆಕಿ ನಿನ್ನ ಕಾಯಲಿ,' ಎಂದಳು.

'ನಮ್ದೂ ಅದರಿ' ಎಂದರೆ ಸಾಕಿತ್ತು. ಎರಡೇ ಮಾತು. ಸುನಿತಾಳಿಗೆ ಅವು ಆ ಸುರೇಖಾಳ ಬಾಯಿಯ ಎಂಜಲು ಅನ್ನಿಸಿದವು. ಈಗಷ್ಟೇ ನೆನಪಿಲ್ಲ ಎಂದವಳು ಈಗ ಹಾಗೆಂದರೆ, ಅರ್ಧ ದುಡ್ಡು ಕೇಳಿದವಳೂ ಇವಳೇ ಎಂದು ಮುದುಕಿ ತಿಳಿದರೆ? ಅವಳು ಕಟ್ಟೆಯವರೆಗೆ ಹೋಗಿ ಚಪ್ಪಲಿ ಸರಿಮಾಡಿ ಇಟ್ಟಳು. ಅಮರಮ್ಮ ಬಸ್‌ಸ್ಟ್ಯಾಂಡಿನ ಕಡೆ ತಿರುಗಿ ಕಾಣದಾಗುವವರೆಗೂ ನೋಡುತ್ತ ನಿಂತಳು. ಅಳ್ಳಿನ ಉಂಡಿ ಅಂಗೈಯ ಬೆವರಿಗೆ ಮೆತ್ತಗಾಗಿತ್ತು.

ಒಳಗೆ ಶರಣಬಸಪ್ಪನವರು ಎಚ್ಚರವಾಗಿ ಕೂತಿದ್ದರು. ಆ ಮುದುಕಿ ಏನು ಕೊಂಡಳು ಎಂದು ಕೇಳಿದರು. ಏನೂ ಇಲ್ಲ ಎಂದಳು. ಮತ್ತೆ ಅಷ್ಟೊತ್ತು ಏನು ಕೇಳುತ್ತಿದ್ದಳು ಎಂದರು.

'ಮನಿದೇವರು ಕೇಳಿದ್ರು.'

ಶರಣಬಸಪ್ಪನವರು ಕನ್ನಡಕ ಹಾಕಿಕೊಂಡರು. 'ಹೇಳಿದೇನು?'

'ಇಲ್ರಿ.'

'ಛಲೋ ಮಾಡಿದಿ ನೋಡು,' ಎಂದರು ಸಾಹುಕಾರರು. ಅಂಗಡಿಗೆ ಸೇರಿದಾಗಿನಿಂದ ಅವರು ಅವಳನ್ನು ಹೊಗಳಿದ್ದು ಅದೇ ಮೊದಲು. ಸುನಿತಾ ಕೆಳಗೆ ಬಿದ್ದಿದ್ದ ಸೀರೆ ಎತ್ತಿಕೊಂಡು ಮಡಚತೊಡಗಿದಳು.